ಡೈ ಮೇಲೆ ಕೂತ ಕ್ಯಾಪ್ ಬಾಯಲ್ಲಿ ಕೂರದಿದ್ದರೆ: ಕ್ಲಿನಿಕ್ಕಿಗೂ ಲ್ಯಾಬಿಗೂ ಒಂದೇ ಕೈಪಿಡಿ

ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಕೊರೆದ ಹಲ್ಲಿನ ಅಳತೆ (ಅಚ್ಚು) ತೆಗೆದು, ಶಿವಮೊಗ್ಗದ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿ, ವಾರದ ಮೇಲೆ ಬಂದ ಕ್ಯಾಪ್ ಹಲ್ಲಿನ ಮೇಲೆ ಕೂರದಿದ್ದರೆ ಕ್ಲಿನಿಕ್ಕಿನಲ್ಲಿ ಮೊದಲು ಹೊರಡುವ ಮಾತು ‘ಲ್ಯಾಬಿನವರು ಕೆಡಿಸಿದ್ದಾರೆ’. ಅಷ್ಟೊತ್ತಿಗೆ ಲ್ಯಾಬಿನಲ್ಲಿ ‘ಅಳತೆಯೇ ಸರಿ ಇರಲಿಲ್ಲ’ ಅನ್ನುವ ಉತ್ತರವೂ ತಯಾರಾಗಿರುತ್ತದೆ. ಇಬ್ಬರ ನಡುವೆ ಸಾಕ್ಷಿ ಹೇಳುವುದು ಡೈ ಒಂದೇ, ಅಂದರೆ ಆ ಅಳತೆಯಲ್ಲಿ ಸ್ಟೋನ್ (ಗಟ್ಟಿ ಜಿಪ್ಸಂ) ಹಾಕಿ ಮಾಡಿದ ಹಲ್ಲಿನ ನಕಲು. ಅದನ್ನು ನೋಡುವ ಮುಂಚೆ ಬರ್ (ಉಜ್ಜುವ ಮೊನೆ) ಹಿಡಿಯಬೇಡಿ, ಫೋನೂ ಮಾಡಬೇಡಿ.

## ಮೊದಲ ಐದು ನಿಮಿಷ: ಏನೂ ಉಜ್ಜದೆ

ಪಾರ್ಸೆಲ್ ಬಂದ ದಿನವೇ ಡಬ್ಬಿ ಬಿಚ್ಚಿ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಿಚ್ಚಿದರೆ ಆತುರ ಶುರುವಾಗುತ್ತದೆ. ಸ್ಲಿಪ್ಪಿನಲ್ಲಿರುವ ಹಲ್ಲು, ಶೇಡ್ ಮತ್ತು ಮೆಟೀರಿಯಲ್ಲೇ ಬಂದಿದೆಯೇ ನೋಡಿ. ಕ್ಯಾಪನ್ನು ಡೈ ಮೇಲಿಟ್ಟು ಎರಡು ಬೆರಳಿನಿಂದ ಒಂದೊಂದೇ ಮೂಲೆ ಒತ್ತಿ. ಅಲ್ಲಿಯೇ ಕುಲುಕಿದರೆ ಅಥವಾ ಲೂಪ್‌ನಲ್ಲಿ (ಭೂತಗನ್ನಡಿಯಲ್ಲಿ) ಮಾರ್ಜಿನ್, ಅಂದರೆ ಕ್ಯಾಪಿನ ಅಂಚು ಹಲ್ಲಿಗೆ ಸೇರುವ ಗೆರೆ, ತೆರೆದು ಕಂಡರೆ ಬಾಯಲ್ಲಿ ಹಾಕಿ ನೋಡುವ ಅಗತ್ಯವೇ ಇಲ್ಲ. ಒಳಗೆ ಎರಕದ ಗುಳ್ಳೆ ಅಥವಾ ಪೋರ್ಸಿಲೇನ್ ಚೂರು ಉಳಿದಿರಬಹುದು, ಇಲ್ಲವೇ ಡೈ ಅಂಚು ಕಿತ್ತುಹೋಗಿರಬಹುದು. ಲ್ಯಾಬಿಗೆ ವಾಪಸ್.

ಡೈ ಮೇಲೆ ಚೆನ್ನಾಗಿ ಕೂತರೂ ಒಂದು ಮೋಸ ಇರುತ್ತದೆ. ಹತ್ತಾರು ಸಲ ಹಾಕಿ ತೆಗೆದು ಡೈ ಸವೆದಿದ್ದರೆ ಕ್ಯಾಪ್ ಅಲ್ಲಿ ಸಲೀಸಾಗಿ ಕೂರುತ್ತದೆ, ಬಾಯಲ್ಲಿ ಕೂರುವುದಿಲ್ಲ. ಬೆಳಕಿಗೆ ಹಿಡಿದಾಗ ಸ್ಟೋನ್ ಮೇಲೆ ಹೊಳೆಯುವ ಬೂದು ಗೀರುಗಳಿದ್ದರೆ ಸವೆತ ಅಲ್ಲೇ. ಇನ್ನೊಂದು ವಿಷಯ: ಮಾಡೆಲ್‌ನಿಂದ ಕತ್ತರಿಸಿದ ಡೈಯ ಪಿನ್ ಕೆಳಗೆ ಸ್ಟೋನ್ ಪುಡಿ ಸಿಕ್ಕಿಕೊಂಡರೆ ಡೈ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ, ಕಾಂಟ್ಯಾಕ್ಟ್ (ಪಕ್ಕದ ಹಲ್ಲಿಗೆ ತಾಗುವ ಜಾಗ) ಲೆಕ್ಕವೆಲ್ಲ ತಪ್ಪುತ್ತದೆ. ಅದಕ್ಕೇ ಅದೇ ಅಳತೆಯಿಂದ ಎರಡನೇ ಸಲ ಸ್ಟೋನ್ ಹಾಕಿ, ಕತ್ತರಿಸದ ಮಾಡೆಲ್ ಒಂದನ್ನು ಇಟ್ಟುಕೊಳ್ಳುವ ಲ್ಯಾಬ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

## ಲಕ್ಷಣ: ಡೈ ಮೇಲೆ ಕೂರುತ್ತದೆ, ಬಾಯಲ್ಲಿ ಕೂರುವುದಿಲ್ಲ

ಕಾಸು ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಹಲ್ಲಿನ ಮೇಲೆ ಟೆಂಪರರಿ ಸಿಮೆಂಟ್ ಉಳಿದಿದೆಯೇ? ಮಾರ್ಜಿನ್ ಮೂಲೆಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಚೂರು ಇದ್ದರೂ ಸಾಕು, ಕ್ಯಾಪ್ ಎದ್ದು ನಿಲ್ಲುತ್ತದೆ. ಪ್ಯೂಮಿಸ್‌ನಿಂದ ತೊಳೆದು ಒಣಗಿಸಿ ನೋಡಿ. ಟೆಂಪರರಿ ಕ್ಯಾಪ್ ಬಿದ್ದುಹೋಗಿದ್ದರೆ ವಸಡು ಮಾರ್ಜಿನ್ ಮೇಲೆ ಬೆಳೆದು ಕ್ಯಾಪ್ ಅಡಿಗೆ ಸಿಕ್ಕಿಕೊಂಡಿರುತ್ತದೆ. ಒತ್ತಿದಾಗ ವಸಡು ಬೆಳ್ಳಗಾಗುವುದು ಅದರ ಗುರುತು.

ಆಮೇಲೆ ಕಾಂಟ್ಯಾಕ್ಟ್. ಈ ಕ್ರಮ ತಪ್ಪಿಸಬೇಡಿ: ಕಾಂಟ್ಯಾಕ್ಟ್, ಒಳಮೈ, ಮಾರ್ಜಿನ್, ಕೊನೆಗೆ ಬೈಟ್ (ಎದುರು ಹಲ್ಲಿಗೆ ಕಚ್ಚುವ ರೀತಿ). ಕಾಂಟ್ಯಾಕ್ಟ್ ಬಿಗಿಯಾಗಿರುವಾಗಲೇ ಬೈಟ್ ನೋಡಿ ಮೇಲ್ಭಾಗ ಉಜ್ಜಿದರೆ, ಕಾಂಟ್ಯಾಕ್ಟ್ ಸಡಿಲ ಮಾಡಿದ ಮೇಲೆ ಕ್ಯಾಪ್ ಕೆಳಗಿಳಿಯುತ್ತದೆ, ಎದುರು ಹಲ್ಲಿಗೆ ತಾಗುವುದೇ ಇಲ್ಲ. ಒಳ್ಳೆಯ ಕ್ಯಾಪುಗಳು ಹೆಚ್ಚಾಗಿ ಹಾಳಾಗುವುದು ಇಲ್ಲೇ, ಹಾಳು ಮಾಡುವುದು ಕ್ಲಿನಿಕ್ಕೇ. ಫ್ಲಾಸ್ (ಹಲ್ಲಿನ ಸಂದಿಗೆ ಹಾಕುವ ದಾರ) ‘ಟಿಕ್’ ಎಂದು ಇಳಿಯಬೇಕು, ಹರಿಯಬಾರದು, ಜಾರಿಯೂ ಹೋಗಬಾರದು. ಬಿಗಿ ಇರುವ ಕಡೆ ತೆಳು ಆರ್ಟಿಕ್ಯುಲೇಟಿಂಗ್ ಪೇಪರ್ (ತಾಗಿದಲ್ಲಿ ಬಣ್ಣ ಹತ್ತಿಸುವ ಕಾಗದ) ಇಟ್ಟು ಕ್ಯಾಪ್ ಇಳಿಸಿ, ಬಿದ್ದ ಗುರುತನ್ನಷ್ಟೇ ರಬ್ಬರ್ ವೀಲ್‌ನಲ್ಲಿ ತೆಗೆಯಿರಿ. ಒಂದು ಕಡೆ ಮುಗಿಸಿ, ಮತ್ತೆ ಕೂರಿಸಿ ನೋಡಿ, ಆಮೇಲೆ ಇನ್ನೊಂದು ಕಡೆ.

ಇನ್ನೂ ಕೂರದಿದ್ದರೆ ಫಿಟ್ ಚೆಕ್ಕರ್ ಸಿಲಿಕೋನ್ ಒಳಗೆ ಹಾಕಿ ಒತ್ತಿ ಹಿಡಿಯಿರಿ. ತೆಗೆದಾಗ ಸಿಲಿಕೋನ್ ಹರಿದು ಲೋಹವೋ ಸೆರಾಮಿಕ್ಕೋ ಕಾಣುವ ಜಾಗವೇ ಅಡ್ಡ ಬರುತ್ತಿರುವುದು. ಒಂದೆರಡು ಬಿಂದು ಮಾತ್ರ ಇದ್ದರೆ ಅಲ್ಲಷ್ಟೇ ಉಜ್ಜಿ. ಗೋಡೆಯುದ್ದಕ್ಕೂ ಹರಿದಿದ್ದರೆ ಸಿಮೆಂಟಿಗೆ ಜಾಗವೇ ಬಿಟ್ಟಿಲ್ಲ ಎಂದರ್ಥ. ಆ ಜಾಗಕ್ಕೆಂದು ಡೈಗೆ ಬಳಿಯುವ ಲೇಪ, ಡೈ ಸ್ಪೇಸರ್, ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್ ಹಾಕಿ, ಮಾರ್ಜಿನ್‌ಗಿಂತ 0.5ರಿಂದ 1 ಮಿ.ಮೀ. ಮೇಲೆ ನಿಲ್ಲಿಸುತ್ತಾರೆ. ‘ಸ್ಪೇಸರ್ ಎಷ್ಟು ಹಾಕಿದ್ದೀರಿ, ಎಲ್ಲಿಗೆ ನಿಲ್ಲಿಸಿದ್ದೀರಿ’ ಎಂದೇ ಕೇಳಿ. ‘ಟೈಟ್ ಇದೆ’ ಅಂದರೆ ಅಲ್ಲಿ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಮಾರ್ಜಿನ್ ಹೇಗೆ ತೆರೆದಿದೆ ಎನ್ನುವುದರಲ್ಲೂ ಸುಳಿವಿದೆ. ಸುತ್ತಲೂ ಒಂದೇ ಸಮ ತೆರೆದಿದ್ದರೆ ಕ್ಯಾಪ್ ಪೂರ್ತಿ ಇಳಿದಿಲ್ಲ. ಒಂದೇ ಕಡೆ ತೆರೆದಿದ್ದರೆ ಯಾವುದೋ ಒಂದು ಕಾಂಟ್ಯಾಕ್ಟ್ ಅದನ್ನು ವಾಲಿಸಿದೆ, ಇಲ್ಲವೇ ಅಳತೆ ಅಲ್ಲಿ ಎಳೆದುಕೊಂಡಿದೆ. ಪೂರ್ತಿ ಇಳಿದಿದ್ದೂ ಕೆಳಗೆ ಕೊರೆದ ಹಲ್ಲು ಕಾಣುತ್ತಿದ್ದರೆ ಮಾರ್ಜಿನ್ ಎಲ್ಲಿ ಮುಗಿಯುತ್ತದೆ ಎನ್ನುವುದು ಲ್ಯಾಬಿಗೆ ಕಂಡೇ ಇಲ್ಲ, ಊಹೆಯ ಮೇಲೆ ಗೆರೆ ಎಳೆದಿದ್ದಾರೆ. 1971ರಲ್ಲಿ ಮೆಕ್‌ಲೀನ್ ಮತ್ತು ವಾನ್ ಫ್ರೌನ್‌ಹೋಫರ್ ಎಂಬ ಸಂಶೋಧಕರು ಒಪ್ಪಬಹುದಾದ ಗರಿಷ್ಠ ಅಂತರವೆಂದು ಹೇಳಿದ 120 ಮೈಕ್ರಾನ್ ಈಗಲೂ ಬಳಕೆಯಲ್ಲಿದೆ. ಪ್ರೋಬ್ (ಮೊನಚು ಪರೀಕ್ಷಾ ಕಡ್ಡಿ) ತುದಿ ಸರಾಗವಾಗಿ ಒಳಗೆ ಹೊಕ್ಕರೆ ಸಿಮೆಂಟ್ ಹಾಕಿ ಮುಚ್ಚುವ ಯೋಚನೆ ಬೇಡ.

ಇಷ್ಟೆಲ್ಲ ಮಾಡಿಯೂ ಕೂರದಿದ್ದರೆ ಅಲ್ಲಿಗೆ ನಿಲ್ಲಿಸಿ, ಹೊಸ ಅಳತೆ ತೆಗೆಯಿರಿ. ಹಳೇ ಅಳತೆಯಿಂದಲೇ ರಿಪೀಟ್ ಮಾಡಿಸಿದರೆ ಅದೇ ತಪ್ಪು ಎರಡನೇ ಸಲ ಬರುತ್ತದೆ.

## ಲಕ್ಷಣ: ‘ಡಾಕ್ಟ್ರೇ, ಮಾರ್ಜಿನ್ ಕಾಣ್ತಿಲ್ಲ’ ಎಂದು ಲ್ಯಾಬಿನಿಂದ ಫೋನ್

ಇಂಥ ಫೋನ್ ಬಂದರೆ ಸಿಟ್ಟಾಗಬೇಡಿ. ಫೋನ್ ಮಾಡದೆ ಊಹಿಸಿ ಮಾಡುವ ಲ್ಯಾಬ್ ದುಬಾರಿ. ಆದರೆ ಲ್ಯಾಬಿನವರೂ ಬಿಡಿಸಿ ಹೇಳಬೇಕು. ‘ಅಳತೆ ಸರಿ ಇಲ್ಲ’ ಎನ್ನುವ ಮೆಸೇಜಿನ ಬದಲು ಹೀಗಿರಲಿ: ‘ಮೇಡಂ, 36ನೇ ಹಲ್ಲು, ನಾಲಗೆ ಕಡೆ ಹಿಂದಿನ ಮೂಲೆಯಲ್ಲಿ ಸುಮಾರು 2 ಮಿ.ಮೀ. ಮಾರ್ಜಿನ್ ಗೆರೆ ಇಲ್ಲ, ಲೈಟ್ ಬಾಡಿ (ತೆಳು ಅಳತೆ ಸಿಲಿಕೋನ್) ಹರಿದಿದೆ. ಡೈ ಫೋಟೋದಲ್ಲಿ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೀನಿ. ಹೊಸ ಅಳತೆ ಬೇಕು, ಬೈಟ್ ಇದೇ ಸಾಕು.’

ಆ ಮೂಲೆ ಹರಿದಿದ್ದು ಯಾಕೆ? ಹೆಚ್ಚಿನ ಸಲ ರಕ್ತ, ಎಂಜಲು, ಇಲ್ಲವೇ ವಸಡು ಸರಿಸಲು ಇಟ್ಟ ದಾರ ಬೇಗ ತೆಗೆದದ್ದು. ಮಾರ್ಜಿನ್ ವಸಡಿನ ಕೆಳಗಿದ್ದರೆ ಎರಡು ದಾರ ಇಟ್ಟು, ಮೇಲಿನದನ್ನು ಮಾತ್ರ ತೆಗೆದು ಅಳತೆ ತೆಗೆಯುವುದು ವಾಸಿ. ಪುಟ್ಟಿಯನ್ನು (ಅಳತೆಯ ದಪ್ಪ ಸಿಲಿಕೋನ್) ಲೇಟೆಕ್ಸ್ ಗ್ಲೌಸ್ ಕೈಯಲ್ಲಿ ಕಲಸಿದರೆ ಗಂಧಕದ ಅಂಶದಿಂದ ಅಡಿಷನ್ ಸಿಲಿಕೋನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ವಿನೈಲ್ ಅಥವಾ ನೈಟ್ರೈಲ್ ಹಾಕಿಕೊಳ್ಳಿ. ಮಳೆಗಾಲದ ಮತ್ತು ಮಾಗಿಯ ಬೆಳಗುಗಳಲ್ಲಿ ಮಲೆನಾಡಿನ ಕ್ಲಿನಿಕ್ ತಣ್ಣಗಿರುತ್ತದೆ, ಸಿಲಿಕೋನ್ ನಿಧಾನವಾಗಿ ಗಟ್ಟಿಯಾಗುತ್ತದೆ. ಬೇಸಿಗೆಯ ಅಂದಾಜಿನಲ್ಲಿ ಟ್ರೇ ಎಳೆದರೆ ಅಳತೆ ಹಿಗ್ಗುತ್ತದೆ. ಗಡಿಯಾರ ನೋಡಿ ತೆಗೆಯಿರಿ.

ಅಳತೆ ಚೆನ್ನಾಗಿದ್ದೂ ದಾರಿಯಲ್ಲಿ ಕೆಡುವುದುಂಟು. ನೀರಿನಲ್ಲಿ ಕಲಸುವ ಅಳತೆ ಪುಡಿ ಆಲ್ಜಿನೇಟ್ ನೀರು ಬಿಟ್ಟರೆ ಕುಗ್ಗುತ್ತದೆ, ಕುಡಿದರೆ ಉಬ್ಬುತ್ತದೆ. 10–15 ನಿಮಿಷದೊಳಗೆ ಕ್ಲಿನಿಕ್ಕಿನಲ್ಲೇ ಸ್ಟೋನ್ ಹಾಕಬೇಕು, ಬಸ್ಸಿಗೆ ಹಾಕುವ ವಸ್ತುವಲ್ಲ. ಕಂಡೆನ್ಸೇಷನ್ ಸಿಲಿಕೋನ್ ಕೂಡ ಹೆಚ್ಚು ಕಾಯುವುದಿಲ್ಲ. ಪಾರ್ಸೆಲ್ಲಿಗೆ ತಡೆಯುವುದು ಅಡಿಷನ್ ಸಿಲಿಕೋನ್, ದಿನಗಟ್ಟಲೆ ಆಕಾರ ಬಿಡುವುದಿಲ್ಲ. ಆದರೆ ಅದರಲ್ಲೂ ಕೆಲವು ಬ್ರ್ಯಾಂಡ್ ಹೈಡ್ರೋಜನ್ ಬಿಡುತ್ತವೆ. ತೆಗೆದ ಕೂಡಲೇ ಸ್ಟೋನ್ ಹಾಕಿದರೆ ಡೈ ಮೇಲೆಲ್ಲ ಸೂಜಿ ಚುಚ್ಚಿದಂಥ ತೂತುಗಳು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ, ಕಾಯಿರಿ. ಇನ್ನೊಂದು ಅಳತೆ ವಸ್ತು ಪಾಲಿಈಥರ್ ನೀರು ಹೀರುತ್ತದೆ, ಅದನ್ನು ಒದ್ದೆ ಹತ್ತಿಯ ಜೊತೆ ಒಂದೇ ಕವರಿಗೆ ಹಾಕಬಾರದು.

ಡೈ ಮುಟ್ಟಿದರೆ ಪುಡಿಯಾಗುತ್ತಿದೆಯೇ? ಲ್ಯಾಬಿನ ಸ್ಟೋನ್ ಡಬ್ಬಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ತೆರೆದ ಸ್ಟೋನ್ ಚೀಲ ಕೇಳಬೇಕೆ. ತೇವ ಹಿಡಿದ ಸ್ಟೋನ್ ಮೊದಮೊದಲು ಬೇಗ ಗಟ್ಟಿಯಾಗತೊಡಗುತ್ತದೆ, ಇನ್ನೂ ತೇವ ಕುಡಿದರೆ ತೀರಾ ನಿಧಾನವಾಗುತ್ತದೆ, ಗಟ್ಟಿಯೂ ಬರುವುದಿಲ್ಲ. ನೀರು ಸುರಿದು ಸರಿ ಮಾಡಲು ಹೋಗಬೇಡಿ. ಟೈಪ್ 4 ಸ್ಟೋನಿಗೆ 100 ಗ್ರಾಂಗೆ ಸುಮಾರು 20ರಿಂದ 24 ಮಿ.ಲೀ. ನೀರು, ತೂಕ ಮಾಡಿಯೇ ಕಲಸಬೇಕು. ಗಾಳಿಯಾಡದ ಮುಚ್ಚಳದ ಸಣ್ಣ ಡಬ್ಬಿಗಳಲ್ಲಿ ವಾರಕ್ಕೆ ಬೇಕಾದಷ್ಟೇ ಹೊರಗಿಡಿ.

## ಲಕ್ಷಣ: ಬೈಟ್ ಎತ್ತರ, ಪ್ರತಿ ಕ್ಯಾಪೂ ಅರ್ಧ ಗಂಟೆ ಉಜ್ಜಬೇಕು

ಒಂದು ಕ್ಯಾಪ್ ಎತ್ತರ ಬಂದರೆ ಆಕಸ್ಮಿಕ. ಬಂದದ್ದೆಲ್ಲ ಎತ್ತರವೇ ಆದರೆ ಕೆಲಸದ ದಾರಿಯಲ್ಲೇ ಎಲ್ಲೋ ತಪ್ಪಿದೆ.

ಕ್ಯಾಪ್ ಹಾಕುವ ಮುಂಚೆ ಪಕ್ಕದ ಹಲ್ಲುಗಳಿಗೂ ಅವುಗಳ ಎದುರು ಹಲ್ಲುಗಳಿಗೂ ನಡುವೆ 8 ಮೈಕ್ರಾನ್ ಶಿಮ್ ಹಾಳೆ ಇಟ್ಟು ಕಚ್ಚಿಸಿ, ಎಲ್ಲೆಲ್ಲಿ ಹಿಡಿಯುತ್ತದೆ ಬರೆದುಕೊಳ್ಳಿ. ಹಾಕಿದ ಮೇಲೂ ಅಲ್ಲೆಲ್ಲ ಹಿಡಿಯಬೇಕು. ಮಾಡೆಲ್ ಮೇಲೂ ಅದೇ ಪರೀಕ್ಷೆ ಮಾಡಿ. ಬಾಯಲ್ಲಿ ಹಿಡಿಯುವ ಪಕ್ಕದ ಹಲ್ಲು ಮಾಡೆಲ್ಲಿನಲ್ಲಿ ಹಿಡಿಯದಿದ್ದರೆ ಮಾಡೆಲ್ ಪೂರ್ತಿ ಮುಚ್ಚಿಲ್ಲ. ಎದುರು ದವಡೆಯ ಮಾಡೆಲ್ಲಿನ ಹಳ್ಳಗಳಲ್ಲಿ ಸ್ಟೋನಿನ ಸಣ್ಣ ಮಣಿಗಳನ್ನು ಹುಡುಕಿ. ಆಲ್ಜಿನೇಟ್ ಅಳತೆಯಲ್ಲಿ ಗಾಳಿ ಗುಳ್ಳೆ ಇದ್ದಲ್ಲಿ ಇವು ಮೂಡುತ್ತವೆ. ಚಾಕುವಿನ ತುದಿಯಿಂದ ತೆಗೆದರೆ ಅರ್ಧದಷ್ಟು ಸಮಸ್ಯೆ ಅಲ್ಲಿಗೇ ಮುಗಿದೀತು.

ಎರಡನೇ ಅನುಮಾನ ಬೈಟ್ ಮೇಣದ (ಕಚ್ಚಿಸಿ ಗುರುತು ತೆಗೆದ ಮೇಣ) ಮೇಲೆ. ಪಾರ್ಸೆಲ್ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಎರಡು ಗಂಟೆ ಪ್ರಯಾಣ ಮಾಡಿದರೆ ಮೇಣ ಮೆತ್ತಗಾಗಿ, ಶಿವಮೊಗ್ಗ ಮುಟ್ಟುವಷ್ಟರಲ್ಲಿ ಬೇರೆಯೇ ಬಾಯಿಯ ಬೈಟ್ ಆಗಿರುತ್ತದೆ. ಸಿಲಿಕೋನ್ ಬೈಟ್ ಬಳಸಿ, ಕೊರೆದ ಹಲ್ಲಿನ ಮೇಲಷ್ಟೇ ಹಾಕಿ. ಉಳಿದ ಹಲ್ಲುಗಳು ಒಂದಕ್ಕೊಂದು ಗಟ್ಟಿಯಾಗಿ ಕೂರುವ ಬಾಯಲ್ಲಿ ಒಂದೇ ಕ್ಯಾಪ್ ಆದರೆ, ದಪ್ಪ ಬೈಟ್‌ಗಿಂತ ಕೈಯಿಂದ ಮಾಡೆಲ್ ಜೋಡಿಸುವುದೇ ಹೆಚ್ಚು ನಿಖರ. ‘ಕೈಯಲ್ಲಿ ಜೋಡಿಸಿ’ ಎಂದು ಸ್ಲಿಪ್ಪಿನಲ್ಲಿ ಬರೆದರಾಯಿತು.

ಮೂರನೆಯದನ್ನು ಒಪ್ಪಿಕೊಳ್ಳುವುದು ಕಷ್ಟ: ಜಾಗವೇ ಬಿಟ್ಟಿಲ್ಲ. ಎಲೆಅಡಿಕೆ ಹಾಕಿ ಹಾಕಿ ಸವೆದ ದವಡೆ ಹಲ್ಲುಗಳು ಇಲ್ಲಿ ಸಾಮಾನ್ಯ. ಹಲ್ಲು ಮೊದಲೇ ಗಿಡ್ಡ, ಇನ್ನೂ ಕೊರೆಯಲು ಕೈ ಹಿಂಜರಿಯುತ್ತದೆ. ಪೂರ್ತಿ ಲೋಹಕ್ಕೆ ಮೇಲ್ಭಾಗದಲ್ಲಿ 1ರಿಂದ 1.5, ಪೂರ್ತಿ ಜಿರ್ಕೋನಿಯಾಕ್ಕೆ ಹಿಂದಿನ ಹಲ್ಲಲ್ಲಿ ಸುಮಾರು 1ರಿಂದ 1.5, ಲೋಹದ ಮೇಲೆ ಪೋರ್ಸಿಲೇನ್‌ಗೆ 1.5ರಿಂದ 2 ಮಿ.ಮೀ. ಬೇಕು. ಅಗ್ಗದ ಪರೀಕ್ಷೆ: ಟೆಂಪರರಿ ಕ್ಯಾಪ್ ತೆಗೆದು, ಬೈಟ್ ಗುರುತು ಬಿದ್ದ ಜಾಗವನ್ನು ಥಿಕ್‌ನೆಸ್ ಗೇಜ್‌ನಲ್ಲಿ ಹಿಡಿಯಿರಿ. ಗೇಜ್ 0.8 ತೋರಿಸಿದರೆ ಪೋರ್ಸಿಲೇನ್ ಕೇಳುವುದರಲ್ಲಿ ಅರ್ಥವಿಲ್ಲ. ಮೇಲ್ಭಾಗ ಲೋಹವೇ ಇರಲಿ ಎಂದು ರೋಗಿಗೆ ಹೇಳಿ ಒಪ್ಪಿಸಿ, ಅಥವಾ ಇನ್ನೂ ಕೊರೆಯಿರಿ. ಲ್ಯಾಬಿಗೆ ಜಾಗ ಸಾಲದಿದ್ದರೆ ಡೈಯ ತುದಿ ತಾನೇ ಕೆರೆದು, ಹಲ್ಲಿನಲ್ಲಿ ಎಷ್ಟು ಕೊರೆಯಬೇಕು ಎಂದು ತೋರಿಸುವ ರೆಸಿನ್ ಟೋಪಿ ಕಳಿಸಬಹುದು. ಹೇಳದೆ ಕೇಳದೆ ಡೈ ಕೆರೆದರೆ ಕ್ಯಾಪ್ ಎಂದಿಗೂ ಕೂರುವುದಿಲ್ಲ.

ಎಲ್ಲಿ ನಿಲ್ಲಿಸಬೇಕು? ಉಜ್ಜುವ ಮುಂಚೆ ಗೇಜ್ ಹಿಡಿಯಿರಿ, ಆ ಮೆಟೀರಿಯಲ್ ತಯಾರಕರು ಹೇಳಿದ ಕನಿಷ್ಠ ದಪ್ಪ ಮುಟ್ಟಿದ ಕೂಡಲೇ ಬರ್ ಕೆಳಗಿಡಿ. ಜಿರ್ಕೋನಿಯಾವನ್ನು ನೀರು ಬಿಟ್ಟುಕೊಂಡು, ನುಣುಪು ಡೈಮಂಡ್‌ನಲ್ಲಿ, ಹಗುರ ಕೈಯಲ್ಲಿ ಉಜ್ಜಬೇಕು. ಆಮೇಲೆ ಪಾಲಿಶ್ ಕಡ್ಡಾಯ, ಒರಟು ಬಿಟ್ಟ ಜಿರ್ಕೋನಿಯಾ ಎದುರು ಹಲ್ಲನ್ನು ತಿನ್ನುತ್ತದೆ.

## ಲಕ್ಷಣ: ಬಣ್ಣ ಹೊಂದುತ್ತಿಲ್ಲ

ಸ್ಲಿಪ್ಪಿನಲ್ಲಿ ‘ಎ2’ ಎಂದಷ್ಟೇ ಇದ್ದರೆ ಲ್ಯಾಬನ್ನು ಬೈಯುವ ಹಕ್ಕು ಅರ್ಧ ಹೋಯಿತು. ವೀಟಾ ಕ್ಲಾಸಿಕಲ್ ಎನ್ನುವ ಶೇಡ್ ಗೈಡಿನಲ್ಲಿ (ಬಣ್ಣದ ಪಟ್ಟಿಗಳ ಗೊಂಚಲು) 16 ಬಣ್ಣ ಇವೆ, ನಿಜ. ಆದರೆ ಒಂದು ಹಲ್ಲಿನಲ್ಲೇ ಬುಡ, ನಡು, ತುದಿ ಮೂರು ಬಣ್ಣ. ಗೈಡ್ ಯಾವ ಕಂಪನಿಯದು ಎನ್ನುವುದನ್ನೂ ಬರೆಯಿರಿ, ಒಂದೇ ಹೆಸರಿದ್ದರೂ ಪಟ್ಟಿಗಳು ಒಂದೇ ಬಣ್ಣದವಲ್ಲ.

ಶೇಡ್ ನೋಡಿದ್ದು ಯಾವಾಗ? ಕೊರೆದ ಮೇಲೆ ನೋಡಿದ್ದರೆ ತಪ್ಪು ಅಲ್ಲೇ. ಬಾಯಿ ತೆರೆದಿಟ್ಟು ಕೆಲವೇ ನಿಮಿಷದಲ್ಲಿ ಹಲ್ಲು ಒಣಗಿ ಬಿಳಿಚಿಕೊಳ್ಳುತ್ತದೆ, ಆಗ ಆರಿಸಿದ ಕ್ಯಾಪ್ ಮಾರನೇ ದಿನ ಸುಣ್ಣ ಹೊಡೆದಂತೆ ಕಾಣುತ್ತದೆ. ಕೆಲಸ ಶುರು ಮಾಡುವ ಮುಂಚೆ, ಇಂಜೆಕ್ಷನ್ನಿಗೂ ಮುಂಚೆ ನೋಡಿ. ಎಲೆಅಡಿಕೆ ಕಲೆ ಇದ್ದರೆ ಮೊದಲು ಸ್ಕೇಲಿಂಗ್, ಪಾಲಿಶ್, ನಂತರ ಶೇಡ್. ಕಲೆಯ ಮೇಲೆ ಶೇಡ್ ತೆಗೆದು ಆಮೇಲೆ ಸ್ಕೇಲಿಂಗ್ ಮಾಡಿದರೆ ಕ್ಯಾಪ್ ಒಂದೇ ಕೆಂಪಗೆ ಉಳಿಯುತ್ತದೆ. ರೋಗಿ ಎಲೆಅಡಿಕೆ ಬಿಡುವವರಲ್ಲ ಎಂದಾದರೆ ಆ ಮಾತನ್ನೂ ಮೊದಲೇ ಆಡಿಕೊಳ್ಳುವುದು ಒಳ್ಳೆಯದು.

ಬೆಳಕಿನ ಮಾತು. ಮೋಡ ಕವಿದ ಆಷಾಢದ ಸಂಜೆ ಕಿಟಕಿ ಬೆಳಕಲ್ಲಿ ಶೇಡ್ ನೋಡಬೇಡಿ. ಕಿಟಕಿಯಾಚೆ ಅಡಿಕೆ ತೋಟವೇ ಇದ್ದರೆ ಒಳಗೆ ಬರುವ ಬೆಳಕೂ ಹಸಿರು. 5500 ಕೆಲ್ವಿನ್ ಆಸುಪಾಸಿನ ದೀಪ ಇಟ್ಟುಕೊಳ್ಳಿ, ಲಿಪ್‌ಸ್ಟಿಕ್ ಒರೆಸಿ, ಗಾಢ ಬಣ್ಣದ ಸೀರೆ ಅಥವಾ ಶರ್ಟಿನ ಮೇಲೆ ಬೂದು ಏಪ್ರನ್ ಹೊದಿಸಿ. ಒಂದೊಂದು ಪಟ್ಟಿಯನ್ನು ಐದಾರು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಬೇಡಿ, ಕಣ್ಣು ಸೋಲುತ್ತದೆ.

ಫೋಟೋದಲ್ಲಿ ಶೇಡ್ ಪಟ್ಟಿ ಹಲ್ಲಿನ ಸಮತಲದಲ್ಲೇ, ತುದಿಗೆ ತುದಿ ತಾಗುವಂತೆ ಇರಲಿ, ಪಟ್ಟಿಯ ಮೇಲಿನ ಅಕ್ಷರ ಓದುವಂತಿರಲಿ. ಆರಿಸಿದ ಬಣ್ಣದ ಜೊತೆ ಒಂದು ಮೆಟ್ಟಿಲು ಆಚೀಚಿನ ಪಟ್ಟಿಯನ್ನೂ ಹಿಡಿಯಿರಿ. ಆಗ ಫೋನ್ ಪರದೆ ಬಣ್ಣ ತಿರುಚಿದರೂ ಲ್ಯಾಬಿಗೆ ಹೋಲಿಸಲು ಆಧಾರ ಸಿಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ವಿವರ ಹೋಗುತ್ತದೆ. ಬೆಳಕು ಹಾಯುವ ಗ್ಲಾಸ್ ಸೆರಾಮಿಕ್ ಕ್ಯಾಪ್ ಆದರೆ ಕೊರೆದ ಹಲ್ಲಿನ ಬಣ್ಣವೂ ಬೇಕು. ಬೇರುನಾಳ ಚಿಕಿತ್ಸೆಯಾಗಿ ಕಪ್ಪಾದ ಹಲ್ಲು ಒಳಗಿನಿಂದ ಇಣುಕುತ್ತದೆ. ಇದನ್ನು ಹೇಳದಿದ್ದರೆ ಲ್ಯಾಬಿಗೆ ತಿಳಿಯುವ ದಾರಿಯೇ ಇಲ್ಲ.

## ಲಕ್ಷಣ: ಊಟ ಸಿಕ್ಕಿಕೊಳ್ಳುತ್ತದೆ

ಫ್ಲಾಸ್ ಜಾರಿ ಹೋಗುತ್ತಿದ್ದರೆ ಸಿಮೆಂಟ್ ಹಾಕಬೇಡಿ. ಹಾಕಿದ ಮೇಲೆ ಇದಕ್ಕೆ ಸುಲಭದ ಮದ್ದಿಲ್ಲ. ಕತ್ತರಿಸದ ಮಾಡೆಲ್ ಮೇಲೂ ಸಡಿಲವಿದ್ದರೆ ಪಾಲಿಶ್‌ನಲ್ಲಿ ಕಾಂಟ್ಯಾಕ್ಟ್ ಹೋಗಿದೆ, ಲ್ಯಾಬ್ ಪೋರ್ಸಿಲೇನ್ ಸೇರಿಸಿ ಕೊಡಬೇಕು. ಮಾಡೆಲ್ ಮೇಲೆ ಸರಿ ಇದ್ದು ಬಾಯಲ್ಲಿ ಸಡಿಲವಿದ್ದರೆ ಹಲ್ಲೇ ಸರಿದಿದೆ. ಮಳೆಗೆ ರಸ್ತೆ ಕಟ್ಟಿ ರೋಗಿ ಮೂರು ವಾರ ತಡವಾಗಿ ಬಂದಾಗ, ನಡುವೆ ಟೆಂಪರರಿ ಬಿದ್ದುಹೋಗಿದ್ದಾಗ ಆಗುವುದು ಇದೇ. ಅಂಥವರಿಗೆ ಕಾಂಟ್ಯಾಕ್ಟ್ ಇರುವ ಗಟ್ಟಿ ಟೆಂಪರರಿಯೇ ಉಪಾಯ.

## ಲಕ್ಷಣ: ಕ್ಯಾಪ್ ಕಳಚಿ ಬಂತು, ಅಥವಾ ಪೋರ್ಸಿಲೇನ್ ಸಿಡಿಯಿತು

ಕಳಚಿದ ಕ್ಯಾಪನ್ನು ತೊಳೆಯುವ ಮುಂಚೆ ನೋಡಿ, ಸಿಮೆಂಟ್ ಎಲ್ಲಿ ಉಳಿದಿದೆ? ಹಲ್ಲಿನ ಮೇಲಿದ್ದು ಕ್ಯಾಪ್ ಒಳಗೆ ನುಣ್ಣಗಿದ್ದರೆ ಕ್ಯಾಪಿನ ಒಳಮೈ ತಯಾರಿ ತಪ್ಪಿದೆ. ಜಿರ್ಕೋನಿಯಾ ಟ್ರಯಲ್‌ನಲ್ಲಿ ಎಂಜಲು ತಾಗಿದ ಮೇಲೆ ಫಾಸ್ಫಾರಿಕ್ ಆಸಿಡ್‌ನಿಂದ ತೊಳೆಯುವುದು ಸಾಮಾನ್ಯ ತಪ್ಪು, ಅದು ಅಂಟುವಿಕೆಯನ್ನೇ ಕೆಡಿಸುತ್ತದೆ. ಅದಕ್ಕೆಂದೇ ಇರುವ ಕ್ಲೀನರ್ ಬಳಸಿ, ಇಲ್ಲವೇ ಲ್ಯಾಬಿನಲ್ಲಿ 50 ಮೈಕ್ರಾನ್ ಅಲ್ಯುಮಿನಾದಿಂದ ಕಡಿಮೆ ಒತ್ತಡದಲ್ಲಿ ಬ್ಲಾಸ್ಟ್ ಮಾಡಿಸಿ. ಸಿಮೆಂಟ್ ಪೂರ್ತಿ ಕ್ಯಾಪ್ ಒಳಗಿದ್ದರೆ ಹಲ್ಲಿನ ಕಡೆ ನೋಡಿ: ತೇವ, ಗಿಡ್ಡ ಗೋಡೆ, ಅತಿ ಇಳಿಜಾರು. ದವಡೆ ಹಲ್ಲಿಗೆ 4 ಮಿ.ಮೀ. ಗೋಡೆಯಾದರೂ ಬೇಕು.

ಲಿಥಿಯಂ ಡೈಸಿಲಿಕೇಟ್ (ಒಂದು ಗ್ಲಾಸ್ ಸೆರಾಮಿಕ್) ಕ್ಯಾಪಾದರೆ ‘ಎಚ್ ಮಾಡಿದ್ದೀರಾ, ಇಲ್ಲವಾ’ ಎಂದು ಕೇಳಲೇಬೇಕು; ಎಚ್ ಎಂದರೆ ಆಸಿಡ್‌ನಿಂದ ಒಳಮೈ ಒರಟು ಮಾಡುವುದು. ಇಬ್ಬರೂ ಮಾಡಿದರೆ ಹೆಚ್ಚಾಯಿತು, ಇಬ್ಬರೂ ಬಿಟ್ಟರೆ ಕಳಚಿತು. ಸಾಮಾನ್ಯ ರೂಢಿ 5 ಶೇಕಡಾ ಹೈಡ್ರೋಫ್ಲೋರಿಕ್ ಆಸಿಡ್ 20 ಸೆಕೆಂಡು, ತೊಳೆದು ಸೈಲೇನ್ (ಸಿಮೆಂಟ್ ಅಂಟಲು ಹಚ್ಚುವ ದ್ರವ). ಈ ಆಸಿಡ್ ಚರ್ಮಕ್ಕೆ ತಾಗಿದಾಗ ನೋವು ತಡವಾಗಿ ಬರಬಹುದು, ಒಳಗೆ ಇಳಿಯುತ್ತಲೇ ಇರುತ್ತದೆ. ಬಾಯಿಂದ ಹೊರಗೆ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡೇ ಬಳಸಿ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವಲ್ಲಿರಲಿ. ತಾಗಿದರೆ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ, ಆಸ್ಪತ್ರೆಗೆ ಹೋಗಿ.

ಪೋರ್ಸಿಲೇನ್ ಸಿಡಿದು ಕೆಳಗೆ ಲೋಹ ಹೊಳೆಯುತ್ತಿದ್ದರೆ ಅಂಟುವಿಕೆ ಸೋತಿದೆ, ಲ್ಯಾಬಿನ ಕೆಲಸ ನೋಡಬೇಕು. ಪೋರ್ಸಿಲೇನ್ ಒಳಗೇ ಒಡೆದಿದ್ದರೆ ಅದರಡಿ ಲೋಹದ ಆಸರೆ ಇರಲಿಲ್ಲ, ಅಥವಾ ಬೈಟ್ ಹೊಡೆತ. ಆಸರೆಯಿಲ್ಲದ ಪೋರ್ಸಿಲೇನ್ 2 ಮಿ.ಮೀ. ಮೀರಬಾರದು. ಕಾಪಿಂಗ್ (ಒಳಗಿನ ಲೋಹದ ಕವಚ) ಟ್ರಯಲ್ ಬಿಟ್ಟು ನೇರ ಮುಗಿಸಿ ಎಂದವರಿಗೆ ಇದು ತಿಳಿಯುವುದು ಸಿಡಿದ ಮೇಲೆಯೇ.

## ಲಕ್ಷಣ: ಬೇರೆ ಹಲ್ಲಿಗೆ ಕ್ಯಾಪ್ ಬಂತು, ಸ್ಕ್ಯಾನ್‌ನಲ್ಲಿ ಮಾರ್ಜಿನ್ ಕಾಣಲಿಲ್ಲ

36 ಮತ್ತು 46 ಅದಲುಬದಲಾಗುವುದು ಅಪರೂಪವಲ್ಲ. ಅಂಕಿಯ ಜೊತೆ ‘ಕೆಳಗೆ ಎಡ ಮೊದಲ ದವಡೆ ಹಲ್ಲು’ ಎಂದು ಅಕ್ಷರದಲ್ಲೂ ಬರೆಯಿರಿ. ಸ್ಕ್ಯಾನ್ ಕಳಿಸುವವರು ಗಮನಿಸಿ: ಎಸ್‌ಟಿಎಲ್ ಫೈಲಿನಲ್ಲಿ ಬಣ್ಣ ಬರುವುದಿಲ್ಲ, ಮಾರ್ಜಿನ್ ಮೇಲಿನ ರಕ್ತ ಲ್ಯಾಬಿಗೆ ಬರೀ ಉಬ್ಬಾಗಿ ಕಾಣುತ್ತದೆ. ಪಿಎಲ್‌ವೈ ಕಳಿಸಿದರೆ ಬಣ್ಣ ಕಾಣುತ್ತದೆ. ಮಾರ್ಜಿನ್ ಗೆರೆ ಕೊರೆದವರೇ ಎಳೆದು ಕಳಿಸುವುದು ಉತ್ತಮ.

ಸ್ಲಿಪ್ಪಿನಲ್ಲಿ ನಿಕ್ಕಲ್ ಅಲರ್ಜಿ ಇದೆಯೇ ಎನ್ನುವ ಒಂದು ಸಾಲು ಇರಲಿ. ಕಿವಿಯೋಲೆ, ವಾಚ್ ಪಟ್ಟಿಯಿಂದ ಕಜ್ಜಿ ಆಗುತ್ತದೆ ಎನ್ನುವವರಿಗೆ ನಿಕ್ಕಲ್ ಕ್ರೋಮಿಯಂ ಬೇಡ. ಲ್ಯಾಬಿನಲ್ಲಿ ಆ ಲೋಹ ಉಜ್ಜುವವರಿಗೂ ಮಾಸ್ಕ್ ಮತ್ತು ಧೂಳು ಹೀರುವ ಯಂತ್ರ ಬೇಕೇ ಬೇಕು. ಬಾಯಿಗೆ ಹೋಗಿಬಂದ ಅಳತೆ, ಕ್ಯಾಪ್ ಯಾವುದನ್ನಾದರೂ ತೊಳೆದು ಸೋಂಕು ನಿವಾರಿಸಿಯೇ ಕಳಿಸಿ. ಸ್ಟೋನ್ ಹಾಕುವ ಮುಂಚೆ ಆಲ್ಜಿನೇಟ್‌ಗೆ 0.5 ಶೇಕಡಾ ಹೈಪೋಕ್ಲೋರೈಟ್ ಸಿಂಪಡಿಸಿ 10 ನಿಮಿಷ ಮುಚ್ಚಿಟ್ಟು ತೊಳೆದರೆ ಸಾಕು. ‘ಆಗಿದೆ’ ಎಂದು ಸ್ಲಿಪ್ಪಿನಲ್ಲಿ ಬರೆಯದಿದ್ದರೆ ಲ್ಯಾಬಿನವರು ಬಂದ ಅಳತೆಯನ್ನು ಇನ್ನೊಂದು ಸಲ ನೆನೆಸುತ್ತಾರೆ.

## ಕೂಡಲೇ ನಿಲ್ಲಿಸಬೇಕಾದ ಸಂದರ್ಭ

ಟ್ರಯಲ್ ವೇಳೆ ಕ್ಯಾಪ್ ಗಂಟಲಿಗೆ ಜಾರಿದರೆ ಉಳಿದದ್ದೆಲ್ಲ ಆಮೇಲೆ. ತಡೆಯಲು ಗಂಟಲ ಮುಂದೆ ಗಾಜ್ ಬಟ್ಟೆ ಹರಡಿ, ಕುರ್ಚಿಯನ್ನು ತೀರಾ ಮಲಗಿಸಬೇಡಿ. ಜಾರಿತೋ, ರೋಗಿಗೆ ಕೆಮ್ಮಲು ಬಿಡಿ. ಉಸಿರಾಟ ಕಷ್ಟವಾದರೆ 108. ಏನೂ ಆಗದವರಂತೆ ಕೂತಿದ್ದರೂ ಎಕ್ಸ್‌ರೇ ಇಲ್ಲದೆ ಮನೆಗೆ ಕಳಿಸಬಾರದು. ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿ, ಕ್ಯಾಪ್ ಯಾವ ಮೆಟೀರಿಯಲ್, ಎಷ್ಟು ದೊಡ್ಡದು ಎಂದು ಚೀಟಿ ಬರೆದುಕೊಡಿ. ಇನ್ನೊಂದು, ಟೆಂಪರರಿ ಹಾಕಿದ ಹಲ್ಲಿನಲ್ಲಿ ರಾತ್ರಿ ಎಬ್ಬಿಸುವ ನೋವು ಅಥವಾ ಬಾವು ಇದ್ದರೆ ಅದು ಕ್ಯಾಪಿನ ದೋಷವಲ್ಲ. ಬೇರಿನ ಚಿಕಿತ್ಸೆ ಮೊದಲು, ಕ್ಯಾಪ್ ಕಾಯಲಿ.

## ವಾಪಸ್ ಕಳಿಸುವಾಗ

ಕ್ಯಾಪ್ ಒಂದನ್ನೇ ಕಳಿಸಿದರೆ ಲ್ಯಾಬಿಗೆ ಏನೂ ಗೊತ್ತಾಗುವುದಿಲ್ಲ. ಡೈ, ಕತ್ತರಿಸದ ಮಾಡೆಲ್, ಎದುರು ಮಾಡೆಲ್, ಹಳೇ ಅಳತೆ, ಹೊಸದಿದ್ದರೆ ಅದೂ, ಫಿಟ್ ಚೆಕ್ಕರ್ ಹರಿದ ಜಾಗದ ಫೋಟೋ, ಬಾಯಲ್ಲಿ ಕೂರಿಸಿದ ಫೋಟೋ, ನೀವು ಎಲ್ಲೆಲ್ಲಿ ಉಜ್ಜಿದ್ದೀರಿ ಎನ್ನುವ ಒಪ್ಪಿಗೆ ಎಲ್ಲವೂ ಹೋಗಲಿ. ಕ್ಯಾಪನ್ನು ಡೈ ಮೇಲೆ ಕೂರಿಸಿಟ್ಟು ಪ್ಯಾಕ್ ಮಾಡಬೇಡಿ. ಮಲೆನಾಡಿನ ರಸ್ತೆಯ ತಿರುವುಗಳಲ್ಲಿ ಅದು ಕುಲುಕಿ ಡೈಯ ಅಂಚೇ ಕಿತ್ತುಬರುತ್ತದೆ, ಆಮೇಲೆ ಸಾಕ್ಷಿಯೂ ಇಲ್ಲ. ಕ್ಯಾಪ್ ಬೇರೆ ಡಬ್ಬಿಯಲ್ಲಿ, ಡೈ ಹತ್ತಿಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್. ಪೆಟ್ಟಿಗೆಯ ಮೇಲೆ ‘ಬಾನೆಟ್ ಮೇಲೆ ಇಡಬೇಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕಂಡಕ್ಟರ್ ಕೈಗೆ ಕೊಡುವಾಗ ಬಾಯಲ್ಲೂ ಹೇಳಿ.